ಚಿಲ್ಲರೆ ಕಾಸಿನ ಅಂಚು, ಬಣ್ಣ ಮತ್ತು ಗುರುತು: ಒಂದು ಸಣ್ಣ ಚರಿತ್ರೆ

(ಲೇಖಕರು ನಮ್ಮ ಶಾಲೆಯ 2005ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು, ಸದ್ಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಗುರುಗಳು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಏನಾದರೂ ಬರಿಯಪ್ಪ, ಮಕ್ಕಳಿಗೆ ಉಪಯೋಗವಾಗುತ್ತದೆ" ಎಂದರು. ನಾನು ಸ್ವಲ್ಪ ಹಿಂಜರಿಕೆಯಿಂದಲೇ, "ಸಾರ್, ಚಿಲ್ಲರೆ ಕಾಸಿನ ಬಗ್ಗೆ ಬರೆಯಲೇ?" ಎಂದು ಕೇಳಿದೆ. ಆ ಕಡೆಯಿಂದ ಒಂದು ಕ್ಷಣ ಮೌನ. ಬಳಿಕ ನಗುತ್ತಾ ಒಪ್ಪಿಕೊಂಡರು. ಈ ವಿಷಯ ಆರಿಸಿಕೊಳ್ಳಲು ಒಂದು ಕಾರಣವಿದೆ. ಅದು ನಾನು ಮಾಡಿದ ಒಂದು ತಪ್ಪು. ಅದನ್ನು ನಮ್ಮೂರಿನವರ ಮುಂದೆಯೇ ಹೇಳಿಕೊಳ್ಳಬೇಕು ಎಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಅಜ್ಜಿಯ ಡಬ್ಬಿ

2017ರ ಯುಗಾದಿಗೆ ಊರಿಗೆ ಬಂದಿದ್ದೆ. ನಮ್ಮಜ್ಜಿ ಹೂವು ಕಟ್ಟಿ ಮಾರಿ ಬಂದ ದುಡ್ಡಿನಲ್ಲಿ ಹತ್ತು ರೂಪಾಯಿಯ ನಾಣ್ಯ ಸಿಕ್ಕಾಗಲೆಲ್ಲ ಒಂದು ಹಳೇ ತಗಡಿನ ಡಬ್ಬಿಗೆ ಹಾಕಿಡುತ್ತಿದ್ದಳು. ಹಳದಿ ಬಳೆಯೊಳಗೆ ಬಿಳಿ ಬೊಟ್ಟು ಇಟ್ಟಂತಿರುವ ಆ ನಾಣ್ಯವೆಂದರೆ ಅವಳಿಗೆ ಇಷ್ಟ. ಆದರೆ ಆ ವೇಳೆಗೆ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಹತ್ತರ ನಾಣ್ಯ ನಡೆಯುವುದಿಲ್ಲ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಅಜ್ಜಿ ಡಬ್ಬಿಯನ್ನು ನನ್ನ ಮುಂದೆ ಸುರಿದು, "ನೀನು ಓದಿದವನಲ್ಲ, ನೋಡಿ ಹೇಳು, ಯಾವುದು ಒಳ್ಳೇದು, ಯಾವುದು ಖೋಟಾ?" ಎಂದಳು.

ನನ್ನ ಮೊಬೈಲಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂದಿತ್ತು. ನಾಣ್ಯದ ಮೇಲೆ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ. ರೂಪಾಯಿ ಚಿಹ್ನೆ ಇಲ್ಲದ್ದೂ ನಕಲಿ. ಚಿತ್ರ ಸಮೇತ, ಬಾಣದ ಗುರುತು ಹಾಕಿ ವಿವರಿಸಿದ್ದರು. ನಾನು ಒಂದು ಗಂಟೆ ಕುಳಿತು, ಬಹಳ ಶ್ರದ್ಧೆಯಿಂದ ಗೆರೆ ಎಣಿಸಿ, ನಾಣ್ಯಗಳನ್ನು ಎರಡು ಗುಡ್ಡೆ ಮಾಡಿದೆ. ಅಂಚು ಕಪ್ಪಾಗಿದ್ದವು, ಕೆಂಪಾಗಿದ್ದವು, ಇಸವಿಯ ಕೆಳಗೆ ಏನೋ ಚುಕ್ಕೆ ಇದ್ದವು ಎಲ್ಲವನ್ನೂ ಅನುಮಾನದ ಗುಡ್ಡೆಗೇ ತಳ್ಳಿದೆ. ಒಟ್ಟು 62 ನಾಣ್ಯ. "ಇವು ಖೋಟಾ ಅಜ್ಜಿ" ಎಂದೆ.

ನಾನು ಬೆಂಗಳೂರಿಗೆ ಹೋದ ಮೇಲೆ ಅಜ್ಜಿ ಆ 62 ನಾಣ್ಯಗಳನ್ನು, ಪ್ಲಾಸ್ಟಿಕ್ ಸಾಮಾನು ಮಾರುತ್ತಾ ಬಂದವನೊಬ್ಬನಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟಳು. 620 ರೂಪಾಯಿಗೆ 310 ರೂಪಾಯಿ. ಮುಂದಿನ ವರ್ಷ ಜನವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಓದಿದೆ. ಹತ್ತು ರೂಪಾಯಿಯ ನಾಣ್ಯ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಚಲಾವಣೆಗೆ ಅರ್ಹ ಎಂದು ಅದರಲ್ಲಿತ್ತು. ಅಂದರೆ ನಾನು ಬೇರ್ಪಡಿಸಿದ ಎರಡನೆಯ ಗುಡ್ಡೆಗೆ ಆಧಾರವೇ ಇರಲಿಲ್ಲ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಅವಳು ಏನು ಹೇಳಿದಳು ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ.

ಅಮೆರಿಕದ ಕಾಲು ಡಾಲರ್

ಆಮೇಲೆ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕಕ್ಕೆ ಹೋಗುವ ಸಂದರ್ಭ ಬಂತು. ಅಲ್ಲಿ ಕಾಫಿ ಕೊಂಡಾಗ ಕಾಲು ಡಾಲರಿನ ನಾಣ್ಯ ಚಿಲ್ಲರೆಯಾಗಿ ಬಂತು. ಮೇಲೆ ಕೆಳಗೆ ಬೆಳ್ಳಿಯಂತೆ ಬಿಳಿ. ಅಂಚನ್ನು ನೋಡಿದರೆ ನಡುವೆ ಕಂದು ಬಣ್ಣದ ಗೆರೆ, ಎರಡು ಬಿಳಿ ಹೋಳಿಗೆಗಳ ನಡುವೆ ಬೆಲ್ಲದ ಹೂರಣ ಕಂಡಂತೆ. ಮೇಲೆ ಬಿಳಿ ಬಳಿದ ತಾಮ್ರದ ಬಿಲ್ಲೆ, ಖೋಟಾ ಎಂದೇ ಅಂದುಕೊಂಡೆ. ಹಿಂತಿರುಗಿಸಲು ಕೈ ಚಾಚಿದವನಿಗೆ ಅಜ್ಜಿಯ ಡಬ್ಬಿ ನೆನಪಾಯಿತು. ಈ ಸಲ ಮೊದಲು ಕೇಳೋಣ ಎಂದು, ಜೊತೆಯಲ್ಲಿದ್ದ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. ಅವರು ನಕ್ಕು, "ಆ ಕಂದು ಗೆರೆ ಇರುವುದೇ ಸರಿ. ಇಲ್ಲದಿದ್ದರೆ ನೀನು ಅದೃಷ್ಟವಂತ, ಅದು ಬೆಳ್ಳಿ" ಎಂದರು.

ವಿಷಯ ಹೀಗಿದೆ. 1964ರವರೆಗೆ ಅಮೆರಿಕದ ಹತ್ತು ಸೆಂಟ್ ಮತ್ತು ಕಾಲು ಡಾಲರ್ ನಾಣ್ಯಗಳಲ್ಲಿ ಶೇ. 90ರಷ್ಟು ಬೆಳ್ಳಿ ಇರುತ್ತಿತ್ತು. ಬೆಳ್ಳಿಯ ಬೆಲೆ ಏರತೊಡಗಿದಾಗ ಜನ ನಾಣ್ಯಗಳನ್ನು ಕೂಡಿಡಲಾರಂಭಿಸಿದರು, ಚಿಲ್ಲರೆಯ ಅಭಾವ ಉಂಟಾಯಿತು. ಆಗ 1965ರ ನಾಣ್ಯ ಕಾಯ್ದೆಯ ಮೂಲಕ ಬೆಳ್ಳಿಯನ್ನು ತೆಗೆದು, ನಡುವೆ ಶುದ್ಧ ತಾಮ್ರ, ಅದರ ಎರಡೂ ಬದಿಗೆ ತಾಮ್ರ-ನಿಕಲ್ ಮಿಶ್ರಲೋಹದ ಪದರ ಇರುವ ಹಾಳೆಯಿಂದ ನಾಣ್ಯ ಮಾಡಲು ಶುರುಮಾಡಿದರು. ಹಾಳೆಯಿಂದ ಬಿಲ್ಲೆ ಕತ್ತರಿಸಿದಾಗ ಒಳಗಿನ ತಾಮ್ರ ಅಂಚಿನಲ್ಲಿ ಬಯಲಾಗುತ್ತದೆ. ಅದೇ ಆ ಕಂದು ಗೆರೆ. ಈ ಪದರದ ಲೋಹವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ, ಅಲ್ಲಿನ ನಾಣ್ಯ ಹಾಕುವ ಮಾರಾಟ ಯಂತ್ರಗಳು. ಅವು ನಾಣ್ಯದ ವಿದ್ಯುತ್ ಗುಣವನ್ನು ಪರೀಕ್ಷಿಸಿ ಸ್ವೀಕರಿಸುತ್ತಿದ್ದವು. ಹೊಸ ನಾಣ್ಯ ಹಳೆಯ ಬೆಳ್ಳಿ ನಾಣ್ಯದಂತೆಯೇ ವರ್ತಿಸಬೇಕಿತ್ತು. ಮನುಷ್ಯರಿಗಿಂತ ಮೊದಲು ಯಂತ್ರವನ್ನು ಒಪ್ಪಿಸಬೇಕಾಗಿತ್ತು ಎನ್ನೋಣ.

ಅಲ್ಲಿ ಕೆಲವು ಕಾಲು ಡಾಲರ್‌ಗಳ ಮೇಲೆ ಕೆಂಪು ಬಣ್ಣವೂ ಸಿಗುವುದುಂಟಂತೆ. ಹಿಂದೆ ಹೋಟೆಲಿನವರು ಹಾಡಿನ ಪೆಟ್ಟಿಗೆಗೆ ತಾವೇ ಹಾಕುವ ನಾಣ್ಯಕ್ಕೆ ಉಗುರುಬಣ್ಣ ಬಳಿಯುತ್ತಿದ್ದರು. ಪೆಟ್ಟಿಗೆ ತೆರೆದಾಗ ಅಂಗಡಿಯ ದುಡ್ಡು ಯಾವುದು ಎಂದು ಗೊತ್ತಾಗಲಿ ಎಂದು. ಅಂದರೆ ನಾಣ್ಯದ ಮೇಲಿನ ಬಣ್ಣ ಮೂರು ಕಡೆಯಿಂದ ಬರಬಹುದು: ಲೋಹದಿಂದ, ಕಾಲದಿಂದ, ಮನುಷ್ಯನ ಕೈಯಿಂದ. ನಮ್ಮ ಕಡೆ ಅರಿಶಿನ ಕುಂಕುಮ ಹತ್ತಿದ ದೇವರ ತಟ್ಟೆಯ ನಾಣ್ಯವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಚಿಗೆ ಹಲ್ಲು ಏಕೆ?

ನಾಣ್ಯಕ್ಕೆ ಎರಡು ಮುಖ ಎನ್ನುತ್ತೇವೆ. ಆದರೆ ಮೋಸಗಾರರು ಮೊದಲಿನಿಂದಲೂ ಕಣ್ಣಿಟ್ಟಿದ್ದು ಮುಖದ ಮೇಲಲ್ಲ, ಅಂಚಿನ ಮೇಲೆ. ಚಿನ್ನ ಬೆಳ್ಳಿಯ ನಾಣ್ಯಗಳ ಕಾಲದಲ್ಲಿ ಅಂಚನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಅರದಿಂದ ಉಜ್ಜಿ ಪುಡಿಯನ್ನು ಕೂಡಿಹಾಕುವುದು ಒಂದು ಕಳ್ಳ ಕಸುಬಾಗಿತ್ತು. ನಾಣ್ಯ ನಾಣ್ಯವಾಗಿಯೇ ಇರುತ್ತಿತ್ತು, ತೂಕ ಮಾತ್ರ ಕಡಿಮೆ. ಇಂಗ್ಲೆಂಡಿನಲ್ಲಿ ಇದು ಎಷ್ಟು ಹೆಚ್ಚಿತೆಂದರೆ 1696ರಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ಹಿಂದಕ್ಕೆ ಪಡೆದು ಮತ್ತೆ ಟಂಕಿಸಬೇಕಾಯಿತು. ಆ ವರ್ಷ ಅಲ್ಲಿನ ಟಂಕಸಾಲೆಗೆ ಅಧಿಕಾರಿಯಾಗಿ ಬಂದವರು ನಾವು ವಿಜ್ಞಾನದ ಪಾಠದಲ್ಲಿ ಓದುವ ಅದೇ ಐಸಾಕ್ ನ್ಯೂಟನ್. ಅಂಚಿಗೆ ಸಾಲಾಗಿ ಗೀರು ಹಾಕಿದರೆ, ಅಥವಾ ಅಕ್ಷರ ಕೊರೆದರೆ, ಒಂದು ಚೂರು ಉಜ್ಜಿದರೂ ಕಣ್ಣಿಗೆ ಕಾಣುತ್ತದೆ. ಅಂದಿನ ಇಂಗ್ಲಿಷ್ ನಾಣ್ಯಗಳ ಅಂಚಿನಲ್ಲಿ 'ಅಲಂಕಾರವೂ ಹೌದು, ರಕ್ಷಣೆಯೂ ಹೌದು' ಎಂಬ ಅರ್ಥದ ಲ್ಯಾಟಿನ್ ಪದಗಳನ್ನೇ ಬರೆಸಿದ್ದರು.

ಈಗ ನಾಣ್ಯದಲ್ಲಿ ಬೆಳ್ಳಿಯಿಲ್ಲ. ಆದರೂ ಹಲ್ಲು ಉಳಿದುಕೊಂಡಿದೆ. ಅಮೆರಿಕದ ಹತ್ತು ಸೆಂಟಿಗೆ 118 ಹಲ್ಲು, ಕಾಲು ಡಾಲರಿಗೆ 119. ನಮ್ಮಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವದಿಂದ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದಾಗ, ಖೋಟಾ ತಡೆಯಲು ಅಂಚಿಗೆ ಒಂದು ವಿಶೇಷ ರಕ್ಷಣೆ ಕೊಟ್ಟರು. ಹಲ್ಲುಗಳ ಸಾಲಿನ ನಡುವೆ ಸುತ್ತಲೂ ಸಣ್ಣ ಕಾಲುವೆಯಂತಹ ತಗ್ಗು, ಅದರೊಳಗೆ ಗುರುತು. ನಮ್ಮ ಹಿರಿಯರು ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಿದ್ದುದನ್ನು ಹಳಬರು ಬಲ್ಲರು. ಅದು ಬರೀ ಅಭ್ಯಾಸವಲ್ಲ, ಪರೀಕ್ಷೆ. 1992ರಿಂದ ಬಂದ ದಪ್ಪನೆಯ ಬಿಳಿ ಐದು ರೂಪಾಯಿ ನಾಣ್ಯ ನಿಮ್ಮ ಮನೆಯಲ್ಲಿ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅದೇ ಜಾತಿಯ ಕಾಲುವೆ ಅಲ್ಲಿಯೂ ಕಾಣುತ್ತದೆ. ಅದನ್ನು ಕಂಡು 'ಎರಡು ತುಂಡು ಸೇರಿಸಿದ ನಾಣ್ಯ' ಎಂದು ಹೆದರಬೇಕಾಗಿಲ್ಲ.

ಅಂಚಿನಿಂದ ಇನ್ನೊಂದು ಉಪಕಾರವೂ ಇದೆ. ಕಣ್ಣು ಕಾಣದವರು ದುಡ್ಡನ್ನು ಗುರುತಿಸುವುದೇ ಅಂಚಿನಿಂದ, ಆಕಾರದಿಂದ. 1992ರ ಎರಡು ರೂಪಾಯಿಗೆ ಹನ್ನೊಂದು ಮೂಲೆ ಇತ್ತು. 2005ರ ಮುದ್ರೆಯಿಂದ ಅದನ್ನು ದುಂಡಗೆ ಮಾಡಿದಾಗ ಒಂದು ರೂಪಾಯಿಗೂ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವೆಂದು ಅಂಧರು ದೂರಿದರು. 2019ರ ಮಾರ್ಚ್ 7ರಂದು ಬಿಡುಗಡೆಯಾದ ಹೊಸ ಸರಣಿಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಯಿತು. ಅದರಲ್ಲಿ ಬಂದ ಇಪ್ಪತ್ತು ರೂಪಾಯಿಯ ನಾಣ್ಯಕ್ಕೆ ಹನ್ನೆರಡು ಬದಿ, ಅಂಚಿನಲ್ಲಿ ಹಲ್ಲಿಲ್ಲ. ಹಲ್ಲಿಲ್ಲದಿರುವುದು ಲೋಪವಲ್ಲ, ಅದೇ ಅದರ ಗುರುತು.

ನಮ್ಮ ಶಾಲೆ ಆರಂಭವಾದಾಗಿನ ಚಿಲ್ಲರೆ

ಐವತ್ತು ವರ್ಷದ ಹಿಂದೆ ನಮ್ಮ ಶಾಲೆಗೆ ಸೇರಿದ ಮೊದಲ ತಂಡದ ಹಿರಿಯರ ಜೇಬಿನಲ್ಲಿ ಯಾವ ಕಾಸು ಇದ್ದಿರಬಹುದು? 1957ರ ಏಪ್ರಿಲ್ 1ರಂದು ಆಣೆ ಹೋಗಿ ದಶಮಾಂಶ ಪದ್ಧತಿ ಬಂತು. ಆಗ 'ನಯಾ ಪೈಸೆ'. 1964ರಲ್ಲಿ 'ನಯಾ' ಬಿಟ್ಟುಹೋಗಿ ಬರೀ ಪೈಸೆ ಆಯಿತು. ಆ ಬಳಿಕ ಬಂದದ್ದು ಗಾಳಿಗೆ ಹಾರುವಷ್ಟು ಹಗುರವಾದ ಅಲ್ಯೂಮಿನಿಯಂ ಕಾಸುಗಳು. ಚೌಕದ ಒಂದು ಪೈಸೆ, ಹೂವಿನಂತಹ ಅಂಚಿನ ಎರಡು ಪೈಸೆ, ಆರು ಮೂಲೆಯ ಮೂರು ಪೈಸೆ, ಮೂಲೆ ದುಂಡಾದ ಚೌಕದ ಐದು ಪೈಸೆ, ದಳದಳವಾಗಿ ಬಾಗಿದ ಹತ್ತು ಪೈಸೆ. ಅಕ್ಷರ ಬಾರದವರೂ ಕತ್ತಲಲ್ಲಿ ಕೈಯಾಡಿಸಿ ಎಣಿಸಬಹುದಿತ್ತು.

ಹತ್ತು ಪೈಸೆಯೊಂದನ್ನೇ ತೆಗೆದುಕೊಳ್ಳಿ. ಮೊದಲು ತಾಮ್ರ-ನಿಕಲ್‌ನ ಬಿಳಿ ನಾಣ್ಯ. 1968ರಿಂದ ಕೆಲವು ವರ್ಷ ಹಳದಿ ಹಿತ್ತಾಳೆ ಬಣ್ಣ. 1971ರಿಂದ ಅಲ್ಯೂಮಿನಿಯಂ. 1988ರಿಂದ ಉಕ್ಕು. ಬೆಲೆ ಒಂದೇ, ಬಣ್ಣ ಮೂರು ಸಲ ಬದಲಾಯಿತು. ಪ್ರತಿ ಸಲವೂ ಕಾರಣ ಹೆಚ್ಚು ಕಡಿಮೆ ಒಂದೇ: ಲೋಹದ ಬೆಲೆ ನಾಣ್ಯದ ಬೆಲೆಯನ್ನು ಮೀರಬಾರದು.

ನನ್ನ ಕಾಲಕ್ಕೆ ಬಂದರೆ, ಖಡ್ಗಮೃಗದ ಚಿತ್ರದ ಇಪ್ಪತ್ತೈದು ಪೈಸೆಗೆ ಶಾಲೆಯ ಗೇಟಿನ ಎದುರು ಒಂದು ಪೆಪ್ಪರ್‌ಮೆಂಟು ಸಿಗುತ್ತಿತ್ತು. 2011ರ ಜೂನ್ 30ರಿಂದ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ಚಲಾವಣೆಯಿಂದ ಹೋದವು. ಐವತ್ತು ಪೈಸೆ ಮಾತ್ರ ಕಾನೂನಿನ ಪ್ರಕಾರ ಇಂದಿಗೂ ಜೀವಂತ, ಅಂಗಡಿಯಲ್ಲಿ ಯಾರೂ ಮುಟ್ಟದಿದ್ದರೂ.

ಐದು ರೂಪಾಯಿಯ ಮೂರು ಬಣ್ಣ

ಐದು ರೂಪಾಯಿಯ ನಾಣ್ಯವನ್ನು ಮಕ್ಕಳು ಮನೆಯಲ್ಲೇ ಪ್ರಯೋಗ ಮಾಡಿ ನೋಡಬಹುದು. ಒಂದು ಅಯಸ್ಕಾಂತ ಇದ್ದರೆ ಸಾಕು. 1992ರಿಂದ ಬಂದ 9 ಗ್ರಾಂ ತೂಕದ ದಪ್ಪ ನಾಣ್ಯ ತಾಮ್ರ-ನಿಕಲ್‌ನದು, ಅಯಸ್ಕಾಂತಕ್ಕೆ ಅಂಟುವುದಿಲ್ಲ. 2007ರ ಸುಮಾರಿಗೆ ಬಂದ 6 ಗ್ರಾಂನ ತೆಳುವಾದ ನಾಣ್ಯ ಕಬ್ಬಿಣ-ಕ್ರೋಮಿಯಂ ಸೇರಿದ ಉಕ್ಕಿನದು, ಅಂಟುತ್ತದೆ. 2009ರಿಂದ ಬಂದ ಹೊಂಬಣ್ಣದ ನಾಣ್ಯ ನಿಕಲ್ ಹಿತ್ತಾಳೆಯದು, ಅಂಟುವುದಿಲ್ಲ. ಮೂರೂ ಅಸಲಿಯೇ. ಆದ್ದರಿಂದ 'ಅಯಸ್ಕಾಂತಕ್ಕೆ ಅಂಟಿದರೆ ಖೋಟಾ' ಎಂಬ ಮಾತನ್ನು ನಂಬಿದರೆ ಸರ್ಕಾರದ ಒಳ್ಳೆಯ ನಾಣ್ಯವನ್ನೇ ಎಸೆಯಬೇಕಾಗುತ್ತದೆ.

ಆ ದಪ್ಪ ನಾಣ್ಯ ಏಕೆ ಕಡಿಮೆಯಾಯಿತು? ಅದರಲ್ಲಿದ್ದ ಲೋಹ ಬೆಲೆಬಾಳುತ್ತಿತ್ತು. 2007ರ ಆಸುಪಾಸಿನಲ್ಲಿ ನಮ್ಮ ನಾಣ್ಯಗಳು ಕಳ್ಳಸಾಗಣೆಯಾಗಿ ಬಾಂಗ್ಲಾದೇಶದ ಕಡೆ ಹೋಗಿ ಕರಗಿ, ಕ್ಷೌರದ ಬ್ಲೇಡುಗಳಾಗುತ್ತಿವೆ ಎಂದು ಪತ್ರಿಕೆಗಳಲ್ಲಿ ವರದಿಗಳು ಬಂದವು. ನಾಣ್ಯವನ್ನು ಕರಗಿಸುವುದನ್ನು, ಹಾಳುಮಾಡುವುದನ್ನು 2011ರ ನಾಣ್ಯ ಕಾಯ್ದೆ ನಿಷೇಧಿಸುತ್ತದೆ.

ಹತ್ತು ರೂಪಾಯಿ: ಬಳೆ ಮತ್ತು ಬೊಟ್ಟು

ಈಗ ಅಜ್ಜಿಯ ಡಬ್ಬಿಯ ನಾಣ್ಯಕ್ಕೆ ಬರೋಣ. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ 2005ರ ಇಸವಿಯಿಂದಲೇ ಅಚ್ಚಾಗಿ, 2009ರಲ್ಲಿ ಜನರ ಕೈಗೆ ಬಂತು. ಅಡ್ಡಳತೆ 27 ಮಿಲಿಮೀಟರ್. ಹೊರಗಿನ ಬಳೆ ಅಲ್ಯೂಮಿನಿಯಂ ಕಂಚು, ಅಂದರೆ ಬಹುಪಾಲು ತಾಮ್ರ, ಸ್ವಲ್ಪ ಅಲ್ಯೂಮಿನಿಯಂ ಮತ್ತು ನಿಕಲ್. ಒಳಗಿನದು ಬಿಳಿ ಲೋಹ. ಎರಡನ್ನೂ ಯಾವ ಅಂಟೂ ಇಲ್ಲದೆ, ಅಚ್ಚಿನ ಒತ್ತಡದಿಂದಲೇ ಒಂದರೊಳಗೊಂದು ಬಿಗಿಯುತ್ತಾರೆ.

ಬಳೆಯಲ್ಲಿ ತಾಮ್ರ ಹೆಚ್ಚಾಗಿರುವುದರಿಂದ ಗಾಳಿ, ತೇವ, ಬೆವರು ತಾಗಿದಂತೆ ಅದರ ಹೊಳಪು ಹೋಗಿ ಕಂದಾಗುತ್ತದೆ, ಕಪ್ಪಾಗುತ್ತದೆ. ಉಪ್ಪು, ಹುಳಿ ತಾಗಿದರೆ ಹಸಿರು ಕಿಲುಬು ಕಟ್ಟುತ್ತದೆ. ಹುಣಸೆಹಣ್ಣಿನಿಂದ ತೊಳೆದರೆ ನಮ್ಮ ಮನೆಯ ತಾಮ್ರದ ಚೊಂಬಿನಂತೆ ಕೆಂಪೇರುತ್ತದೆ. ಬಳೆ ಮತ್ತು ಬೊಟ್ಟು ಸೇರುವ ಸಂದಿಯಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿರುವುದರಿಂದ, ತೇವ ಹೊಕ್ಕರೆ ಅಲ್ಲಿ ಕಪ್ಪು ಗೆರೆ ಮೂಡಬಹುದು. ಹತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಲೋಹಗಳ ನಶಿಸುವಿಕೆ ಎಂದು ಓದಿದ್ದೇವಲ್ಲ, ಅದೇ ಇದು. ನಾನು ಆ ಪಾಠಕ್ಕೆ ಒಳ್ಳೆಯ ಅಂಕ ತೆಗೆದಿದ್ದೆ. ಅಜ್ಜಿಯ ಮುಂದೆ ಕುಳಿತಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಇನ್ನು ಗೆರೆಗಳ ವಿಚಾರ. ಮೊದಲ ವಿನ್ಯಾಸ 'ವಿವಿಧತೆಯಲ್ಲಿ ಏಕತೆ'. ಅದರಲ್ಲಿ ಗೆರೆಯ ಕಿರಣಗಳೇ ಇಲ್ಲ. 2008ರಿಂದ 2010ರವರೆಗಿನ ಇಸವಿಯ ನಾಣ್ಯಗಳಲ್ಲಿ '10' ಅಂಕಿಯ ಮೇಲೆ ಹದಿನೈದು ಕಿರಣ. ಆ ವಿನ್ಯಾಸದ ವಿಷಯ 'ಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನ'. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಹೊಸ ರೂಪಾಯಿ ಚಿಹ್ನೆಯನ್ನು ಒಪ್ಪಿಕೊಂಡಿತು. 2011ರಿಂದ ಆ ಚಿಹ್ನೆ ನಾಣ್ಯಕ್ಕೆ ಬಂತು, ಕಿರಣ ಹತ್ತಾದವು. ಹಳೆಯದು ಹಳೆಯ ವಿನ್ಯಾಸ, ಹೊಸದು ಹೊಸ ವಿನ್ಯಾಸ. ವ್ಯತ್ಯಾಸ ಅಷ್ಟೇ. ಮಾಹಿತಿ ತಂತ್ರಜ್ಞಾನದ ಗೌರವಕ್ಕೆಂದು ಮಾಡಿದ ನಾಣ್ಯವನ್ನು ಮೊಬೈಲ್ ಸಂದೇಶವೊಂದು ಖೋಟಾ ಎಂದಿತು. ಮಾಹಿತಿ ತಂತ್ರಜ್ಞಾನವನ್ನೇ ನಂಬಿ ಬದುಕುವ ನಾನು ಅದನ್ನು ನಂಬಿದೆ.

ಹಾಗಾದರೆ ಖೋಟಾ ನಾಣ್ಯ ಇರಲೇ ಇಲ್ಲವೇ? ಇತ್ತು. 2016ರಲ್ಲಿ ದೆಹಲಿಯಲ್ಲಿ ಐದು, ಹತ್ತು ರೂಪಾಯಿಯ ಖೋಟಾ ನಾಣ್ಯ ತಯಾರಿಸುತ್ತಿದ್ದ ಜಾಲವೊಂದನ್ನು ಪೊಲೀಸರು ಹಿಡಿದರು. ಆ ಸುದ್ದಿಯ ಒಂದು ಕಿಡಿಗೆ ವದಂತಿಯ ಗಾಳಿ ಸೇರಿಕೊಂಡಿತು. ಕಿಡಿ ನಿಜ, ಆದರೆ ಅದರಿಂದ ಊರೆಲ್ಲ ಸುಟ್ಟುಕೊಳ್ಳಬೇಕಾಗಿರಲಿಲ್ಲ.

ಇಸವಿಯ ಕೆಳಗಿನ ಚುಕ್ಕೆ

ನಾನು ಅನುಮಾನಿಸಿದ ಇನ್ನೊಂದು ವಿಷಯ, ಇಸವಿಯ ಕೆಳಗಿನ ಸಣ್ಣ ಗುರುತು. ಭೂತಗನ್ನಡಿ ಹಿಡಿದು ನೋಡಿ. ವಜ್ರದಂತಹ ಆಕೃತಿ ಇದ್ದರೆ ಆ ನಾಣ್ಯ ಮುಂಬಯಿ ಟಂಕಸಾಲೆಯದು. ನಕ್ಷತ್ರ ಇದ್ದರೆ ಹೈದರಾಬಾದಿನದು. ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮುಂಬಯಿಯ ಟಂಕಸಾಲೆ 1829ರಷ್ಟು ಹಳೆಯದು. ಹೈದರಾಬಾದಿನದು ನಿಜಾಮರ ಕಾಲದಲ್ಲಿ 1903ರಲ್ಲಿ ಸ್ಥಾಪನೆಯಾದದ್ದು. ಕೋಲ್ಕತ್ತದ ಅಲಿಪುರದ ಈಗಿನ ಟಂಕಸಾಲೆ 1952ರಲ್ಲಿ ಆರಂಭವಾಯಿತು. ನೋಯ್ಡಾ ಎಲ್ಲಕ್ಕಿಂತ ಕಿರಿಯದು, 1988ರಲ್ಲಿ ಕೆಲಸ ಶುರುಮಾಡಿತು. ತೂಕದಲ್ಲೋ ಲೋಹದಲ್ಲೋ ದೋಷ ಕಂಡರೆ ಯಾವ ಟಂಕಸಾಲೆಯದೆಂದು ಪತ್ತೆ ಹಚ್ಚಲು ಈ ಗುರುತು ಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿಯೂ ಪ್ರತಿ ಕಡತದಲ್ಲಿ ಯಾರು, ಯಾವಾಗ ಬದಲಿಸಿದರು ಎಂದು ಗುರುತು ಉಳಿಸುತ್ತೇವೆ. ಉದ್ದೇಶ ಒಂದೇ.

ದೇಶಕ್ಕೆ ಬೇಕಾದಷ್ಟು ಚಿಲ್ಲರೆಯನ್ನು ನಮ್ಮ ಟಂಕಸಾಲೆಗಳು ಒದಗಿಸಲಾಗದಿದ್ದಾಗ ಹೊರದೇಶಗಳಲ್ಲಿಯೂ ಅಚ್ಚು ಹಾಕಿಸಿದ್ದುಂಟು. 1985ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ 'ಎಚ್' ಅಕ್ಷರವಿದೆ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. 1988ರ ಕೆಲವು ನಾಣ್ಯಗಳಲ್ಲಿನ 'ಸಿ' ಕೆನಡಾದ ಒಟ್ಟಾವಾದ್ದು. 1990ರ ದಶಕದ ಕೊನೆಯ ಕೆಲವು ನಾಣ್ಯಗಳಲ್ಲಿನ 'ಎಂಕೆ' ಸ್ಲೋವಾಕಿಯದ ಕ್ರೆಮ್ನಿತ್ಸಾದ್ದು, 'ಎಂಎಂಡಿ' ಮಾಸ್ಕೋದ್ದು. ನಮ್ಮೂರಿನ ಸಂತೆಯಲ್ಲಿ ಬದನೆಕಾಯಿ ಕೊಂಡ ಕಾಸು ಮಾಸ್ಕೋದಲ್ಲಿ ಹುಟ್ಟಿದ್ದಿರಬಹುದು ಎಂದರೆ ನಂಬುವುದು ಕಷ್ಟ. ಆದರೆ ನಾಣ್ಯವೇ ಸಾಕ್ಷಿ ಹೇಳುತ್ತದೆ.

ಇದು ನಮ್ಮ ನಾಡಿಗೆ ಹೊಸ ಪದ್ಧತಿಯೂ ಅಲ್ಲ. ಟಿಪ್ಪು ಸುಲ್ತಾನನ ಆನೆಯ ಚಿತ್ರದ ತಾಮ್ರದ ಕಾಸುಗಳ ಮೇಲೆ ಅವು ಎಲ್ಲಿ ಟಂಕಿಸಿದವು ಎಂದು ಬರೆದಿರುತ್ತಿತ್ತು. 'ಪಟನ್' ಎಂದರೆ ಶ್ರೀರಂಗಪಟ್ಟಣ, 'ನಗರ' ಎಂದರೆ ಬಿದನೂರು ನಗರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳ ಮೇಲೆ ಕನ್ನಡ ಅಕ್ಷರಗಳನ್ನೂ ಕಾಣಬಹುದು.

ಅನುಮಾನವೂ ಹಳೆಯದೇ

ಗುರುತೊಂದನ್ನು ತಪ್ಪು ತಿಳಿದು ನಾಣ್ಯವನ್ನು ನಿರಾಕರಿಸುವುದೂ ಹೊಸದಲ್ಲ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರದ ಹೊಸ ರೂಪಾಯಿ ಬಂತು. ದೊರೆಯ ಅಂಗಿಯ ಮೇಲಿನ ಪದಕದ ಹಾರದಲ್ಲಿ ಒಂದು ಪುಟ್ಟ ಆನೆ. ಕೆತ್ತನೆಯಲ್ಲಿ ಸೊಂಡಿಲು ಗಿಡ್ಡವಾಗಿ, ಅದು ಆನೆಯೋ ಹಂದಿಯೋ ತಿಳಿಯದಂತಾಯಿತು. ಹಂದಿ ಎಂದೇ ಸುದ್ದಿ ಹಬ್ಬಿತು. ಮುಸ್ಲಿಮರಲ್ಲಿ ಅಸಮಾಧಾನ ಉಂಟಾಗಿ ಸರ್ಕಾರ ಸೊಂಡಿಲನ್ನು ತಿದ್ದಿ 1912ರಲ್ಲಿ ಹೊಸ ಅಚ್ಚು ಹಾಕಿಸಿತು. ಆ ನಾಣ್ಯಕ್ಕೆ 'ಹಂದಿ ರೂಪಾಯಿ' ಎಂಬ ಹೆಸರೇ ಉಳಿದುಕೊಂಡಿದೆ. ಸುಮಾರು ನೂರು ವರ್ಷದ ಮೇಲೆ, 'ವಿವಿಧತೆಯಲ್ಲಿ ಏಕತೆ'ಯ ಎರಡು ರೂಪಾಯಿಯಲ್ಲಿದ್ದ ನಾಲ್ಕು ದಿಕ್ಕಿನ ಗೆರೆಯನ್ನು ಕಂಡು ಅದು ಶಿಲುಬೆ ಎಂದು ವಿವಾದವಾಯಿತು. 2007ರಲ್ಲಿ ಕೈಮುದ್ರೆಯ ಹೊಸ ವಿನ್ಯಾಸ ಬಂತು. 1911ರಲ್ಲಿ ಮೊಬೈಲ್ ಇರಲಿಲ್ಲ. ಆದರೂ ಸುದ್ದಿ ಓಡಿತ್ತು.

ಈಗ ಏನು ಮಾಡಬೇಕು?

ಓದುಗರಿಗೆ, ಅದರಲ್ಲೂ ಅಂಗಡಿ ಇಟ್ಟಿರುವ ನನ್ನ ಸಹಪಾಠಿಗಳಿಗೆ, ಒಂದೆರಡು ಖಚಿತ ವಿಷಯ ಹೇಳುತ್ತೇನೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳಿಂದ ಸಾವಿರ ರೂಪಾಯಿಯವರೆಗೆ ಪಾವತಿ ಮಾಡುವುದು ಕಾನೂನುಬದ್ಧ. ಹತ್ತರ ನಾಣ್ಯದ ಬಗ್ಗೆ ರಿಸರ್ವ್ ಬ್ಯಾಂಕ್ 2016ರಿಂದ ಹಲವು ಬಾರಿ ಸ್ಪಷ್ಟನೆ ಕೊಟ್ಟಿದೆ. ಬ್ಯಾಂಕ್ ಶಾಖೆಗಳು ನಾಣ್ಯ ಸ್ವೀಕರಿಸಬೇಕೆಂದೂ ಸೂಚಿಸಿದೆ. 2018ರಲ್ಲಿ 14440 ಎಂಬ ಉಚಿತ ದೂರವಾಣಿ ಸಂಖ್ಯೆಯನ್ನೂ ಈ ಮಾಹಿತಿಗಾಗಿಯೇ ಪ್ರಕಟಿಸಿತ್ತು.

ಇನ್ನೊಂದು ಎಚ್ಚರಿಕೆ. ಅನುಮಾನದಂತೆಯೇ ಆಸೆಯೂ ಮೋಸಕ್ಕೆ ದಾರಿ. ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂಬಂತಹ ಮಾತುಗಳನ್ನು ನಂಬಬೇಡಿ. ಹಳೆಯ ನಾಣ್ಯ, ನೋಟು ಕೊಳ್ಳುವ ನೆಪದಲ್ಲಿ ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ. ಅಂಚು ಬಣ್ಣಗೆಟ್ಟ ಹತ್ತು ರೂಪಾಯಿಯ ಬೆಲೆ ಹತ್ತೇ ರೂಪಾಯಿ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ.

ನಾಣ್ಯ ಬೇಡವೆಂದರೆ ಯಾರಿಗೆ ನಷ್ಟ? ಫೋನಿನಲ್ಲಿ ದುಡ್ಡು ಕಳಿಸುವ ನನ್ನಂಥವನಿಗಲ್ಲ. ಹೂವು ಮಾರುವವಳಿಗೆ, ಕಡಲೆಕಾಯಿ ಹುರಿಯುವವನಿಗೆ, ಬಸ್ಸಿಗೆ ಹತ್ತೇ ರೂಪಾಯಿ ಕೈಯಲ್ಲಿ ಹಿಡಿದು ಬರುವ ಮಗುವಿಗೆ.

ಅಜ್ಜಿ ಹೇಳಿದ್ದು

ಆ ದಿನ ಫೋನಿನಲ್ಲಿ, ಹೋದ 310 ರೂಪಾಯಿ ಕಳಿಸುತ್ತೇನೆ ಅಜ್ಜಿ, ತಪ್ಪು ನನ್ನದು ಎಂದೆ. ಅವಳು ದುಡ್ಡಿನ ಮಾತನ್ನೇ ಎತ್ತಲಿಲ್ಲ. "ಹಾಗಾದರೆ ಅವು ಒಳ್ಳೇ ದುಡ್ಡೇ ತಾನೆ?" ಎಂದು ಎರಡು ಸಲ ಕೇಳಿದಳು. ಹೌದು ಎಂದೆ. "ನನ್ನ ತಂಗಿ ಮಗಳ ಮದುವೆಯಲ್ಲಿ ಮಡಿಲಕ್ಕಿ ಜೊತೆಗೆ ಅದೇ ಡಬ್ಬಿಯಿಂದ ಒಂದು ನಾಣ್ಯ ಇಟ್ಟಿದ್ದೆ ಕಣೋ. ನೀನು ಖೋಟಾ ಅಂದ ಮೇಲೆ, ಆ ಹುಡುಗಿ ಮಡಿಲಿಗೆ ಖೋಟಾ ದುಡ್ಡು ಹಾಕಿದೆನಲ್ಲ ಅಂತ ಒಂದು ವರ್ಷದಿಂದ ಸಂಕಟ ಪಟ್ಟಿದ್ದೇನೆ" ಎಂದಳು. ನನಗೆ ಮಾತು ಹೊರಡಲಿಲ್ಲ. 310 ರೂಪಾಯಿಯನ್ನು ನಾನು ತುಂಬಿಕೊಡಬಹುದಿತ್ತು. ಆ ಒಂದು ವರ್ಷವನ್ನು ತುಂಬಿಕೊಡಲಾರೆ.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಯಾವ ಪ್ರಶ್ನೆಗೂ ಉತ್ತರ ಹೇಳುವ ಮೊದಲು, "ಇದು ನಿನಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ಆಗ ಅದು ಕಿರಿಕಿರಿ ಎನಿಸುತ್ತಿತ್ತು. ಅಜ್ಜಿಯ ಡಬ್ಬಿಯ ಮುಂದೆ ಕುಳಿತಾಗ ಆ ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದರೆ ಸಾಕಿತ್ತು.

ಈ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಒಂದು ಗಾಜಿನ ಚೌಕಟ್ಟು ಕೊಡುತ್ತಿದ್ದೇನೆ. ಅದರಲ್ಲಿ ಅಲ್ಯೂಮಿನಿಯಂ ಪೈಸೆಗಳಿಂದ ಹಿಡಿದು ಇಪ್ಪತ್ತು ರೂಪಾಯಿಯವರೆಗಿನ ನಾಣ್ಯಗಳಿವೆ. ಹದಿನೈದು ಗೆರೆಯದ್ದು, ಹತ್ತು ಗೆರೆಯದ್ದು ಅಕ್ಕಪಕ್ಕದಲ್ಲೇ ಇವೆ. ಅಮೆರಿಕದ ಆ ಕಾಲು ಡಾಲರ್ ಅಂಚು ಕಾಣುವಂತೆ ನೆಟ್ಟಗೆ ನಿಂತಿದೆ. ಜೊತೆಗೆ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ. ಹಿರಿಯ ವಿದ್ಯಾರ್ಥಿಗಳ ಮನೆಯ ಪೆಟ್ಟಿಗೆಯಲ್ಲಿ ಮೂರು ಪೈಸೆಯ ನಾಣ್ಯ ಇದ್ದರೆ ದಯವಿಟ್ಟು ಕೊಡಿ, ಆ ಒಂದು ಜಾಗ ಮಾತ್ರ ಖಾಲಿ ಇದೆ.

ಮಕ್ಕಳೇ, ನಾಳೆ ನಿಮ್ಮ ಅಜ್ಜಿಯೂ ಒಂದು ನಾಣ್ಯ ಹಿಡಿದು ನಿಮ್ಮನ್ನು ಕೇಳಬಹುದು. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, "ತಡಿ ಅಜ್ಜಿ, ವಿಚಾರಿಸಿ ಹೇಳುತ್ತೇನೆ" ಎನ್ನಿ. ಓದಿದವರು ಹಾಗೆ ಹೇಳುವುದರಲ್ಲಿ ಅವಮಾನವೇನೂ ಇಲ್ಲ.